ಕಾಚಂಪುಳಿಗೆ ಬಿದ್ದ ಕೋಶಪೊರೆ

ನಮ್ಮ ಮನೆಯಲ್ಲಿ ಹೆಮ್ಮೆಪಡುವಂಥವು ಎರಡಿವೆ. ಒಂದು, ನಾನು ಹೈಸ್ಕೂಲಿನಲ್ಲಿ ಮಾಡುವ ಕೋಶಪೊರೆಯ ಪಾಠ. ಅದನ್ನು ಅಡುಗೆಮನೆಯಲ್ಲಿ ಹೆಂಡತಿ ಲೀಲಾಳ ಮುಂದೆ ಗಟ್ಟಿಯಾಗಿ ಅಭ್ಯಾಸ ಮಾಡಿಕೊಂಡೇ ಶಾಲೆಗೆ ಹೋಗುತ್ತೇನೆ. ಇನ್ನೊಂದು, ಲೀಲಾ ಮಾಡುವ ಕಾಚಂಪುಳಿ. ಇವೆರಡನ್ನೂ ಸೇರಿಸಿದರೆ ಹೆಮ್ಮೆ ದುಪ್ಪಟ್ಟಾಗುತ್ತದೆ ಎಂದು ಲೆಕ್ಕ ಹಾಕಿದವನು ನಾನೇ. ಪುಣ್ಯಕ್ಕೆ ನಾನು ಗಣಿತದ ಮೇಷ್ಟ್ರಲ್ಲ!

ಕಾಚಂಪುಳಿ ಗೊತ್ತಲ್ಲ? ಹುಳಿಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಗೆ ಇಳಿಸಿದ್ದು. ಅದಿಲ್ಲದ ಹಂದಿಮಾಂಸದ ಸಾರನ್ನು ನಮ್ಮಲ್ಲಿ ಪಂದಿಕರಿ ಎಂದು ಯಾರೂ ಕರೆಯುವುದಿಲ್ಲ. ಕಳೆದ ಮಳೆಗಾಲದಲ್ಲಿ ಲೀಲಾ ಹೊಗೆ ಕುಡಿದು ಮಾಡಿದ್ದರಲ್ಲಿ ಕೊನೆಯ ಬಾಟಲಿ ಉಳಿದಿತ್ತು. ಅದು ಅವಳ ಅಣ್ಣ ಸೋಮಣ್ಣನಿಗೆ ಮೀಸಲು. ಪ್ರತಿ ಸಲ ಬಂದು ಹೊಟ್ಟೆ ತುಂಬ ಉಂಡು, "ಅಮ್ಮನ ಕಾಚಂಪುಳಿ ಅಮ್ಮನ ಜೊತೆಗೇ ಹೋತ್" ಎಂದು ನಿಟ್ಟುಸಿರು ಬಿಡುವ ಆಸಾಮಿ ಅವನು. ಭಾನುವಾರ ಮತ್ತೆ ಊಟಕ್ಕೆ ಬರುವವನಿದ್ದ. ಅವನ ಬಾಯಿಂದ ಚೆನ್ನಾಗಿದೆ ಎನ್ನುವ ಒಂದೇ ಒಂದು "ಲಾಯ್ಕ್ ಉಟ್ಟು" ಕೇಳಬೇಕೆನ್ನುವುದು ಲೀಲಾಳ ಬಹುಕಾಲದ ಆಸೆ.

ಅದರ ಹಿಂದಿನ ದಿನವೇ ನನ್ನ ಮಾದರಿ ಪಾಠ. ನಾಪೋಕ್ಲು ಸುತ್ತಲಿನ ವಿಜ್ಞಾನ ಮೇಷ್ಟ್ರುಗಳೆಲ್ಲ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡುವವರಿದ್ದರು. ನಾನು ಆರಿಸಿಕೊಂಡದ್ದು ಮೊಟ್ಟೆಯ ಪ್ರಯೋಗ. ಮೊಟ್ಟೆಯನ್ನು ಹುಳಿಯಲ್ಲಿ ನೆನೆಸಿದರೆ ಚಿಪ್ಪು ಕರಗಿ, ಒಳಗಿನ ತೆಳು ಪೊರೆ ಉಳಿಯುತ್ತದೆ. ಆಮೇಲೆ ನೀರಿನಲ್ಲಿಟ್ಟರೆ ಆ ಪೊರೆ ಕೋಶಪೊರೆಯ ಹಾಗೇ ನೀರನ್ನು ಒಳಗೆ ಬಿಟ್ಟುಕೊಂಡು ಉಬ್ಬುತ್ತದೆ.

"ಪೇಟೆಲಿ ವಿನೆಗರ್ ಸಿಕ್ತದೆ ಸಾರ್, ಒಂದು ಬಾಟ್ಲಿ ತಕೊಂಡು ಬನ್ನಿ" ಎಂದರು ಗಣಿತದ ಮೇಷ್ಟ್ರು ಶಾಜಿ.

"ಮನೇಲಿ ಕಾಚಂಪುಳಿ ಇಟ್ಕೊಂಡು ವಿನೆಗರ್ ತರೋದಾ? ಕೊಡಗಿನ ಮಾನ ಹೋಗ್ತದೆ ಶಾಜಿ!" ಎಂದೆ.

ಗುರುವಾರ ಸಂಜೆ ಲೀಲಾ ಮಹಿಳಾ ಸಂಘಕ್ಕೆ ಹೋದ ಹೊತ್ತು ನೋಡಿ, ಲೋಟದಲ್ಲಿದ್ದ ಮೊಟ್ಟೆಯ ಮೇಲೆ ಎರಡು ಚಮಚ ಕಾಚಂಪುಳಿ ಸುರಿದೆ. ಗುಳ್ಳೆ ಎದ್ದವು. ಆಹಾ! ಆದರೆ ಮೊಟ್ಟೆಯ ಬುಡವೂ ಸರಿಯಾಗಿ ನೆನೆಯಲಿಲ್ಲ. ಇನ್ನೆರಡು ಚಮಚ. ಊಹೂಂ. ವಿಜ್ಞಾನದಲ್ಲಿ ಜಿಪುಣತನ ಸಲ್ಲದು ಎಂದು ಬಾಟಲಿಯನ್ನೇ ಬಗ್ಗಿಸಿದೆ. ಲೋಟ ತುಂಬಿತು, ಬಾಟಲಿ ಖಾಲಿಯಾಯಿತು, ಆಮೇಲೆ ಭಾನುವಾರ ನೆನಪಾಯಿತು!

ಲೋಟವನ್ನು ಶಾಲೆಯ ಕಪಾಟಿನಲ್ಲಿ ಬಚ್ಚಿಟ್ಟು ಪೇಟೆಗೆ ಓಡಿದೆ. ವಿನೆಗರ್ ಕೊಂಡೆ. ಹೌದು, ಕೊಂಡೆ! ಬಣ್ಣಕ್ಕೆ ನಮ್ಮ ತೋಟದ ಕಾಫಿಯ ಗಟ್ಟಿ ಡಿಕಾಕ್ಷನ್, ಮಂದಕ್ಕೆ ಒಂದು ಉಂಡೆ ಬೆಲ್ಲ. ಕುದಿಸಿ ಬಾಟಲಿಗೆ ತುಂಬಿ ಬೆಳಕಿಗೆ ಹಿಡಿದು ನೋಡಿದರೆ ಸಾಕ್ಷಾತ್ ಕಾಚಂಪುಳಿ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಸಾಲದ್ದಕ್ಕೆ ಲೀಲಾಳಿಗೆ ನೆಗಡಿ ಬಂದು ಮೂಗು ಕಟ್ಟಿತ್ತು. ದೈವವೂ ವಿಜ್ಞಾನದ ಪರ!

ಶನಿವಾರ ಪಾಠ ರಂಗೇರಿತು.

"ಮಕ್ಕಳೇ, ಕೋಶಪೊರೆ ಎಂದರೆ ಕೊಬ್ಬಿನ ಎರಡು ಪದರ. ತಲೆಗಳೆಲ್ಲ ನೀರಿನ ಕಡೆ, ಬಾಲಗಳೆಲ್ಲ ಒಳಗಡೆ. ನಡುನಡುವೆ ಪ್ರೋಟೀನಿನ ಬಾಗಿಲುಗಳು. ಬೇಕಾದದ್ದು ಒಳಗೆ, ಬೇಡದ್ದು ಹೊರಗೆ!"

"ಎಸ್ಟೇಟ್ ಗೇಟಿನ ವಾಚ್‌ಮನ್ ಥರನಾ ಸಾರ್?" ಎಂದಳು ಒಬ್ಬಳು.

"ಶಭಾಷ್!" ಎಂದು, ಬೆಳಿಗ್ಗೆಯಿಂದ ನೀರಿನಲ್ಲಿಟ್ಟಿದ್ದ ಮೊಟ್ಟೆಯನ್ನು ಮೇಲೆತ್ತಿದೆ. ಚಿಪ್ಪು ಕರಗಿತ್ತು. ಮೊಟ್ಟೆ ಉಬ್ಬಿತ್ತು. ಎಲ್ಲ ಸರಿ. ಆದರೆ ಡಾಂಬರಿನ ಉಂಡೆಯಂತೆ ಕಪ್ಪಗಿದ್ದ ಆ ಪೊರೆಯೊಳಗೆ ಏನಿದೆಯೆಂದು ಕಾಣಬೇಡವೇ? ಎಲ್ಲರೂ ನನ್ನ ಮಾತನ್ನೇ ನಂಬಬೇಕಾಯಿತು. ಕೋಣೆಯ ತುಂಬ ಘಮ್ಮೆನ್ನುವ ವಾಸನೆ ಬೇರೆ.

"ಮೇಷ್ಟ್ರೇ, ಮಸಾಲೆ ರೆಡಿ ಉಂಟು. ಪಂದಿ ಎಲ್ಲಿ?" ಎಂದಿತು ಹಿಂದಿನ ಬೆಂಚು.

ನನಗೆ ರೋಷ ಬಂತು. ಪೊರೆ ಎಷ್ಟು ಗಟ್ಟಿ ನೋಡಿ ಎಂದು ಮೊಟ್ಟೆಯನ್ನು ಒತ್ತಿದೆ. ಟಪ್! ಅಷ್ಟೂ ನನ್ನ ಬಿಳಿ ಶರ್ಟಿನ ಮೇಲೆ. ಆದರೂ ಚಪ್ಪಾಳೆ ಬಿತ್ತು. ಎದೆಯುಬ್ಬಿಸಿಕೊಂಡು ಮನೆಗೆ ಬಂದು, ಶರ್ಟನ್ನು ತೊಳೆಯಲೂ ಮರೆತು ಕೈತೊಳೆಯುವ ನಲ್ಲಿಯ ಪಕ್ಕದ ಮೊಳೆಗೆ ನೇತುಹಾಕಿದೆ.

ಭಾನುವಾರ ಸೋಮಣ್ಣ ಪಂದಿಕರಿಯ ಮೊದಲ ತುತ್ತು ಬಾಯಿಗಿಟ್ಟ. ಲೀಲಾ ಸೌಟು ಹಿಡಿದು, ಉಸಿರು ಬಿಗಿಹಿಡಿದು ನಿಂತಿದ್ದಳು. ಅಗಿಯುತ್ತಿದ್ದ ಸೋಮಣ್ಣನ ದವಡೆ ನಿಂತಿತು.

"ಎಂಥ ಲೀಲಾ, ಈ ಪಂದಿಗೆ ಕಾಪಿ ಕುಡ್ಸಿ ಸಾಕಿದ್ದಾ?"

ಲೀಲಾಳ ಮುಖ ಬಾಡಿಹೋಯಿತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಸೋಮಣ್ಣ ಎದ್ದು ಹೋಗಿ ಕೈ ತೊಳೆದ. ಟವೆಲ್ ಎಂದುಕೊಂಡು ನನ್ನ ಶರ್ಟಿನಿಂದ ಮುಖ ಒರೆಸಿದ. ಒರೆಸಿದವನು ಹಾಗೇ ನಿಂತ. ಮೂಸಿದ. ಕಣ್ಣುಮುಚ್ಚಿ ಮತ್ತೊಮ್ಮೆ ಮೂಸಿದ.

"ಲೀಲಾ! ಅಮ್ಮನ ಕಾಚಂಪುಳಿ ಹಂಗೇ ಉಟ್ಟಲ್ಲಾ! ಭಾರಿ ಲಾಯ್ಕ್ ಉಟ್ಟು! ಬಾವನ ಅಂಗಿಗೆ ಹಾಕಿದ್ನ ಪಂದಿಗೆ ಯಾಕೆ ಹಾಕಿಲ್ಲೆ?"

ಲೀಲಾ ಅಣ್ಣನನ್ನು ನೋಡಿದಳು. ಅವಳ ಕಣ್ಣು ತುಂಬಿ ಬಂತು. ಆಮೇಲೆ ಶರ್ಟನ್ನು ನೋಡಿದಳು. ಆಮೇಲೆ ನನ್ನನ್ನು! ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ನೋಡಿದ್ಯಾ? ನನ್ನ ಪ್ರಯೋಗ ಇಲ್ಲದಿದ್ರೆ ನಿಂಗೆ ಈ ಮಾತು ಸಿಗ್ತಿತ್ತಾ?" ಎಂದುಬಿಟ್ಟೆ.

ಈಗ ನಮ್ಮ ಅಡುಗೆಮನೆಯ ಹೊಸ್ತಿಲನ್ನು ಬೆಕ್ಕು ದಾಟುತ್ತದೆ. ಪಕ್ಕದ ಮನೆಯವರು ದಾಟುತ್ತಾರೆ. ಸೋಮಣ್ಣನಂತೂ ಹುಳಿಹಣ್ಣಿನ ಬುಟ್ಟಿ ಹೊತ್ತು ಸೀದಾ ಒಲೆಯ ತನಕ ಹೋಗುತ್ತಾನೆ. ನನ್ನ ಕಾಫಿ ಮಾತ್ರ ಹೊಸ್ತಿಲಾಚೆಗೇ ಬರುತ್ತದೆ.

"ಎಂಥ ಲೀಲಾ ಇದು?" ಎಂದರೆ, "ಪೊರೆ ಹಂಗೇ ಅಲ್ಲಾ ಮೇಷ್ಟ್ರೇ? ಬೇಕಾದ್ದ್ ಒಳಗೆ, ಬೇಡಾದ್ದ್ ಹೊರಗೆ" ಎನ್ನುತ್ತಾಳೆ.

ಕೋಶಪೊರೆಯನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಸಿದ ಮೇಷ್ಟ್ರು ಇಡೀ ಕೊಡಗಿನಲ್ಲಿ ಇನ್ನೊಬ್ಬನಿಲ್ಲ. ಹೊಸ್ತಿಲ ಹೊರಗೆ ಲೋಟ ಹಿಡಿದು ನಿಂತು, ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ!