ನಮ್ಮ ಭಾವನನ್ನು ಬದುಕಿಸಿಕೊಡಬೇಕೆಂದು 'ದಾರದ ದರ್ಬಾರು' ಸಂಕಲನಕಾರರಲ್ಲಿ ಅರಿಕೆ

ಮಾನ್ಯ ಸಂಕಲನಕಾರರೇ,

ತಮ್ಮ ಹೆಸರು ನನಗೆ ತಿಳಿಯದು. ಕಾರ್ಯಕ್ರಮದ ಕೊನೆಯಲ್ಲಿ ಹೆಸರುಗಳು ಓಡುವ ವೇಗಕ್ಕೆ ನಾನು ಕನ್ನಡಕ ಏರಿಸುವಷ್ಟರಲ್ಲಿ ಸೋಪಿನ ಜಾಹೀರಾತು ಬಂದಿರುತ್ತದೆ. ಆದಕಾರಣ ತಮ್ಮ ಹುದ್ದೆಗೇ ಕೈಮುಗಿದು, ತಾವೂ ತಮ್ಮ ಕುಟುಂಬದವರೂ, ತಮ್ಮ ಕಂಪ್ಯೂಟರೂ ಅದರೊಳಗಿನ ಕತ್ತರಿಯೂ ಸುಖವಾಗಿದ್ದೀರೆಂದು ನಂಬಿ ಈ ಪತ್ರಕ್ಕೆ ತೊಡಗುತ್ತೇನೆ. ಇತ್ತ ನಾವೂ ಕ್ಷೇಮ. ಹೋದ ವಾರದ ಹಿಂದಿನ ಶನಿವಾರ ತಾವು ಸಾಯಿಸಿದ ನಮ್ಮ ಭಾವನವರು ಕೂಡ ಕ್ಷೇಮ. ಇಂದು ಬೆಳಿಗ್ಗೆ ಫೋನಿನಲ್ಲಿ ಸ್ವಲ್ಪ ನೆಗಡಿ ಎಂದರು, ಅಷ್ಟೇ. ಕ್ಷೇಮವಿಲ್ಲದವಳು ನನ್ನ ಅಕ್ಕ ಒಬ್ಬಳೇ. ಅವಳು ತನ್ನ ಹೊಲಿಗೆ ಅಂಗಡಿಯ ಬಾಗಿಲೆಳೆದು ಇಂದಿಗೆ ಒಂಬತ್ತು ದಿನ, ನನ್ನೊಡನೆ ಮಾತು ಬಿಟ್ಟು ಅಷ್ಟೇ ದಿನ.

ಮೊದಲು ನನ್ನ ಪರಿಚಯ ಹೇಳಿಕೊಳ್ಳುವುದು ಮರ್ಯಾದೆ. ಒಂದು ಪತ್ರಿಕೆಯ ವಾರಾಂತ್ಯದ ಪುಟದಲ್ಲಿ ಹನ್ನೊಂದು ವರ್ಷಗಳಿಂದ ಟೀವಿಯ ಹೊಸ ಸ್ಪರ್ಧೆಗಳ ವಿಮರ್ಶೆ ಬರೆದು, ಐದಕ್ಕೆ ಇಷ್ಟು ಎಂದು ನಕ್ಷತ್ರ ಹಂಚುವ ಪ್ರಾಣಿ ನಾನು. ಹಗ್ಗಕ್ಕೆ ತಲೆಕೆಳಗಾಗಿ ನೇತುಬಿದ್ದು ದೇಶಗಳ ರಾಜಧಾನಿ ಹೇಳುವವರನ್ನು ನೋಡಿದ್ದೇನೆ, ಗಾಜಿನ ಪೆಟ್ಟಿಗೆಯೊಳಗೆ ಕೂತು ಬೀಗರು ಹೊರಗೆ ಎಷ್ಟೇ ಮಂಗಾಟ ಆಡಿದರೂ ನಗದೆ ಕಾರು ಗೆದ್ದ ಶಾಲಾ ಮಾಸ್ತರರನ್ನು ನೋಡಿದ್ದೇನೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೆಂಡತಿಯ ಕೈ ಯಾವುದೆಂದು ಮುಟ್ಟಿ ಹುಡುಕಲು ಹೋಗಿ ನಿರೂಪಕನ ಕೈ ಹಿಡಿದು ಭಾವುಕನಾದ ಗಂಡನಿಗೆ ಮೂರೂವರೆ ನಕ್ಷತ್ರ ಕೊಟ್ಟಿದ್ದೇನೆ. ಇಷ್ಟೆಲ್ಲ ನೋಡಿಯೂ, ಈ ಸ್ಪರ್ಧೆಗಳನ್ನು ಗೆಲ್ಲುವವರು ಸ್ಪರ್ಧಿಗಳಲ್ಲ, ತೆರೆಯ ಹಿಂದೆ ಕೂತ ತಾವು ಎಂಬುದು ನನ್ನ ದಡ್ಡ ತಲೆಗೆ ಹೊಳೆದಿರಲಿಲ್ಲ.

ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಮೂವತ್ತು ವರ್ಷವಾಯಿತು. ಎಂಟಡಿ ಅಗಲದ ಅಂಗಡಿ, ಒಂದು ಯಂತ್ರ, ಒಂದು ಇಸ್ತ್ರಿ ಮೇಜು, ಅಳತೆ ಕೊಡಲು ಬಂದವರು ನಿಂತರೆ ಉಳಿದವರು ಬೀದಿಯಲ್ಲಿ ನಿಲ್ಲಬೇಕು. ಅವಳದೊಂದು ಪದ್ಧತಿಯುಂಟು: ಯಾರ ಬಟ್ಟೆ ಹೊಲಿದರೂ ಒಳಗಡೆ ಎರಡು ಬೆರಳಿನಷ್ಟು ಬಟ್ಟೆ ಹೆಚ್ಚಾಗಿ ಬಿಡುತ್ತಾಳೆ. ಜನ ದಪ್ಪವಾಗುತ್ತಾರೆ, ಬಸುರಿಯಾಗುತ್ತಾರೆ, ಮಗಳ ಬಟ್ಟೆ ತಾಯಿಗೆ ಹೋಗುತ್ತದೆ, ಆಗ ಬಿಚ್ಚಿ ಸಡಿಲಿಸಿಕೊಡಬೇಕಲ್ಲ ಎಂಬುದು ಅವಳ ಲೆಕ್ಕಾಚಾರ. ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿರುವ ಭಾವನವರೇ ಹೆಂಡತಿಯ ಪ್ರತಿಭೆ ಲೋಕಕ್ಕೆ ತಿಳಿಯಲೆಂದು ತಮ್ಮ ಚಾನೆಲ್ಲಿನ ಈ ಹೊಲಿಗೆ ಸ್ಪರ್ಧೆಯ ಅರ್ಜಿ ತುಂಬಿ, ಅವಳ ಸಹಿಯನ್ನೂ ಅವರೇ ಹಾಕಿ ಕಳಿಸಿದರು. ತನ್ನ ಮರಣಪತ್ರಕ್ಕೆ ಇಷ್ಟು ಸಡಗರದಿಂದ ಸಹಿ ಹಾಕಿದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ತಮ್ಮ ತೀರ್ಪುಗಾರರು ಅಕ್ಕ ಹೊಲಿದ ರವಿಕೆಯನ್ನು ಒಳಹೊರಗು ಮಾಡಿ, ಎರಡು ಬೆರಳಿನ ಹೆಚ್ಚುವರಿ ಬಟ್ಟೆಯನ್ನು ಇಲಿಯ ಬಾಲ ಹಿಡಿದಂತೆ ಹಿಡಿದು ತೋರಿಸಿ, ಇದು ಕೆಲಸ ಬಾರದವರ ಲಕ್ಷಣ ಎಂದು ಹೊರಗೆ ಕಳಿಸಿದ್ದರ ಬಗ್ಗೆ ನನ್ನ ತಕರಾರಿಲ್ಲ. ಅವರು ಬಟ್ಟೆ ಹೊಲಿಯುವುದು ಪ್ಲಾಸ್ಟಿಕ್ ಬೊಂಬೆಗಳಿಗೆ. ಬೊಂಬೆ ಉಣ್ಣುವುದಿಲ್ಲ, ಊದುವುದಿಲ್ಲ. ಅಕ್ಕನೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮನೆಗೆ ಬಂದವಳೇ ಚಪ್ಪಲಿ ಬಿಡುತ್ತಾ, "ಆ ಯಪ್ಪ ಹಾಕ್ಕೊಂಡಿದ್ ಕೋಟಿಗೆ ತೋಳೇ ಸರಿ ಕೂತಿರ್ಲಿಲ್ಲ ಕಣೋ" ಎಂದು ನಕ್ಕು ಅನ್ನಕ್ಕಿಟ್ಟಳು.

ಇಲ್ಲಿಂದ ಮುಂದಿನದು ತಮ್ಮ ಕೈಚಳಕ. ಮನೆಯವರು ಯಾಕೆ ಬರಲಿಲ್ಲ ಎಂದು ನಿರೂಪಕಿ ಕೇಳಿದಾಗ ಅಕ್ಕ ಹೇಳಿದ್ದು, "ನಮ್ಮ ಮನೆಯವರು ಬರ್ಬೇಕು ಅಂತಿದ್ರು, ಡಿಪೋದಲ್ಲಿ ರಜ ಇಲ್ಲ" ಎಂದು. ಏಳು ಪದ. ತಾವು ಮೊದಲಿನ ಎರಡನ್ನೂ ಕೊನೆಯ ಒಂದನ್ನೂ ಇಟ್ಟುಕೊಂಡು ನಡುವಿನ ನಾಲ್ಕನ್ನು ಕತ್ತರಿಸಿ ಬಿಸಾಕಿದಿರಿ. ಇಸ್ತ್ರಿಯ ಹಬೆಗೆ ಬೆವೆತು ಅವಳು ಕೊರಳಿನ ಅಳತೆ ಟೇಪಿನ ತುದಿಯಿಂದ ಮುಖ ಒರೆಸಿಕೊಂಡದ್ದನ್ನು ನಿಧಾನಗತಿಯಲ್ಲಿ ಮೂರು ಸಲ ತೋರಿಸಿದಿರಿ. ಮನೆಯವರ ಫೋಟೋ ಕೊಡಿ ಎಂದು ಇಸಿದುಕೊಂಡದ್ದನ್ನು ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ, ಪಿಟೀಲು ಬಾರಿಸಿ, ಭಾವನವರನ್ನು ಮೆಲ್ಲಗೆ ಮೋಡದೊಳಗೆ ಕಳಿಸಿಕೊಟ್ಟಿರಿ. ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಅಕ್ಕನಿಗೆ ಇಷ್ಟು ಕಡಿಮೆ ಬಟ್ಟೆಯಲ್ಲಿ ಇಷ್ಟು ದೊಡ್ಡ ಉಡುಪು ಹೊಲಿಯಲು ಬಂದಿಲ್ಲ. ಆ ದಿನದ ಬಹುಮಾನ ನ್ಯಾಯವಾಗಿ ತಮಗೇ ಸಲ್ಲಬೇಕಿತ್ತು.

ಶನಿವಾರ ಸಂಜೆ ನಾವೆಲ್ಲ ಅಕ್ಕನ ಮನೆಯಲ್ಲೇ ಕೂತು ನೋಡಿದೆವು. ಭಾವನವರು ಮಡಿಲಲ್ಲಿ ಕಡಲೆಬೀಜದ ತಟ್ಟೆ ಇಟ್ಟುಕೊಂಡು ಮುಂದಿನ ಕುರ್ಚಿಯಲ್ಲಿದ್ದರು. ಅವರು ಮೋಡದಲ್ಲಿ ಕರಗಿಹೋಗುವುದನ್ನು ಅವರೇ ಕೊನೆಯವರೆಗೂ ನೋಡಿ, ಸಿಪ್ಪೆ ಊದಿ, "ನಾನ್ ಯಾವಾಗ ಹೋದೆ?" ಎಂದು ಅಕ್ಕನನ್ನು ಕೇಳಿದರು. ಅಕ್ಕ ಎದ್ದು ಟೀವಿ ಆರಿಸಿದಳು. ಆಮೇಲೆ ಅವರೇ, "ಫೋಟೋದಲ್ಲಿ ಕೂದ್ಲು ಚೆನ್ನಾಗ್ ಬಂದಿದೆ ಬಿಡು" ಎಂದರು. ಸೋಮವಾರ ಡಿಪೋಗೆ ಹೋದಾಗ ಗೇಟಿನ ಕಾವಲುಗಾರ ರಿಜಿಸ್ಟರ್ ಕೊಡಲು ಹಿಂಜರಿದನಂತೆ. ಹಿರಿಯ ಕಂಡಕ್ಟರೊಬ್ಬರು ಕೈಕುಲುಕುವ ನೆಪದಲ್ಲಿ ನಾಡಿ ನೋಡಿದರಂತೆ. ಭಾವನವರಿಗೆ ಇದೆಲ್ಲ ಒಂದು ತಮಾಷೆ. ಬದುಕಿರುವಾಗಲೇ ಇಷ್ಟು ಜನ ತನ್ನ ಬಗ್ಗೆ ಒಳ್ಳೆಯ ಮಾತಾಡುವುದನ್ನು ಕೇಳುವ ಯೋಗ ಎಷ್ಟು ಜನಕ್ಕಿದೆ ಎನ್ನುತ್ತಾರೆ.

ಅಕ್ಕನಿಗೆ ಅದು ತಮಾಷೆಯಾಗಲಿಲ್ಲ. ಭಾನುವಾರ ಸಂತಾಪ ಹೇಳಲು ಬಂದವರಿಗೆ ಭಾವನವರೇ ಬಾಗಿಲು ತೆಗೆದರು, ಅಲ್ಲಿಂದ ಶುರುವಾಯಿತು. ಸೋಮವಾರದ ಹೊತ್ತಿಗೆ ಬೀದಿಯಲ್ಲಿ ತಮ್ಮ ಹೆಸರು ಯಾರ ಬಾಯಲ್ಲೂ ಇಲ್ಲ, "ಗಟ್ಟಿಮುಟ್ಟಾಗಿರೋ ಗಂಡನ್ನ ಸಾಯ್ಸಿ ಟೀವಿ ಮುಂದೆ ಅತ್ಲಲ್ಲ" ಎಂಬುದೇ ಮಾತು. ಮಂಗಳವಾರ ಭಾವನವರು ರಜ ಹಾಕಿ, ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಪೇಪರು ಓದುತ್ತಾ ಜೀವಂತ ಸಾಕ್ಷಿಯಾಗಿ ಕೂತರು. ಅದರಿಂದ ಆದ ಉಪಕಾರವೆಂದರೆ, ಅನುಮಾನವಿದ್ದವರಿಗೂ ಅಕ್ಕ ಸುಳ್ಳು ಹೇಳಿದ್ದು ಖಾತ್ರಿಯಾಯಿತು. ಇಪ್ಪತ್ತು ವರ್ಷದಿಂದ ಬರುತ್ತಿದ್ದ ನರ್ಸಮ್ಮ ಅರ್ಧ ಹೊಲಿದ ಬಟ್ಟೆಯನ್ನು ಹಾಗೇ ಮಡಚಿ ತೆಗೆದುಕೊಂಡು ಹೋದರು. ಅಕ್ಕ ತಡೆಯಲಿಲ್ಲ, ಇನ್ನೂ ಹಚ್ಚದೆ ಉಳಿದಿದ್ದ ಗುಂಡಿಗಳನ್ನು ಒಂದು ಕಾಗದದಲ್ಲಿ ಕಟ್ಟಿ ಜೊತೆಗೆ ಕೊಟ್ಟು ಬಾಗಿಲೆಳೆದಳು.

ಇಷ್ಟಕ್ಕೆ ಅವಳು ತಮ್ಮ ಮೇಲೆ ಕೋಪಿಸಿಕೊಳ್ಳಬೇಕು, ನನ್ನ ಮೇಲೇಕೆ ಎಂದು ತಾವು ಕೇಳಬಹುದು. ಅದನ್ನು ಹೇಳದೆ ಪತ್ರ ಮುಗಿಸೋಣವೆಂದೇ ಕೂತಿದ್ದೆ, ಆಗಲಿಲ್ಲ. ನಮ್ಮ ಪುಟಕ್ಕೆ ವಿಮರ್ಶೆ ಶುಕ್ರವಾರ ಮಧ್ಯಾಹ್ನದೊಳಗೆ ಮುಟ್ಟಬೇಕು. ಕಾರ್ಯಕ್ರಮ ಬರುವುದು ಶನಿವಾರ ಸಂಜೆ. ಆದ್ದರಿಂದ ಹನ್ನೊಂದು ವರ್ಷಗಳಲ್ಲಿ ನಾನು ವಿಮರ್ಶಿಸಿದ ಮೊದಲ ಕಂತುಗಳಲ್ಲಿ ಹೆಚ್ಚಿನವನ್ನು ಬರೆಯುವ ಮುಂಚೆ ನೋಡಿಲ್ಲ. ತಮ್ಮ ಚಾನೆಲ್ ಕಳಿಸುವ ಎರಡು ಪುಟದ ಪ್ರಕಟಣೆಯನ್ನು ಓದಿ, ಅದರ ವಿಶೇಷಣಗಳನ್ನು ಅತ್ತಿತ್ತ ಮಾಡಿ, ಒಂದೆರಡು ಕೊಂಕು ಸೇರಿಸಿ ಕಳಿಸುವುದು ನಮ್ಮ ಕಸುಬಿನ ರೂಢಿ. ಈ ಸಲವೂ ಹಾಗೇ. ಅಕ್ಕನ ಬಗ್ಗೆ ಬರೆಯುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೆ. ಪ್ರಕಟಣೆಯಲ್ಲಿ ಅವಳಿಗಾಗಿ ಎರಡು ಸಲ ಹುಡುಕಿದೆ. ಆರು ಸ್ಪರ್ಧಿಗಳಲ್ಲಿ ಗಂಡ ಬದುಕಿರುವ ದರ್ಜಿ ಹೆಂಗಸು ಒಬ್ಬಳೂ ಕಾಣಲಿಲ್ಲ. ಅವಳನ್ನು ಕೈಬಿಟ್ಟಿದ್ದಾರೆಂದು ತಮ್ಮ ಮೇಲೆ ಸಿಟ್ಟು ಬಂತು, ಆ ಸಿಟ್ಟಿನಲ್ಲೇ, ಅಲ್ಲಿ ಹೆಸರಿಲ್ಲದೆ ವರ್ಣಿಸಿದ್ದ 'ಪತಿಯನ್ನು ಕಳೆದುಕೊಂಡು ಕಂಬನಿಯಲ್ಲೇ ಸೂಜಿ ಪೋಣಿಸುವ ಒಂಟಿ ಮಹಿಳೆ'ಯನ್ನು ಬೇರೆ ಯಾರೋ ಎಂದುಕೊಂಡು ಹಿಡಿದುಕೊಂಡೆ. 'ಈ ಕಾರ್ಯಕ್ರಮದಲ್ಲಿ ನಿಜವಾದದ್ದು ಒಂದೇ, ಆ ತಾಯಿಯ ಕಣ್ಣೀರು. ಅದನ್ನು ನಾನು ಕಣ್ಣಾರೆ ಕಂಡೆ' ಎಂದು ಬರೆದು ನಾಲ್ಕು ನಕ್ಷತ್ರ ಕೊಟ್ಟೆ. ಶನಿವಾರ ಬೆಳಿಗ್ಗೆ ಅದು ನನ್ನ ಹೆಸರಿನೊಂದಿಗೆ ಅಚ್ಚಾಯಿತು.

ಅಕ್ಕ ಬೀದಿಯವರಿಗೆ ಎಷ್ಟು ವಿವರಿಸಿದರೂ ಅವರ ಬಳಿ ಉತ್ತರ ಸಿದ್ಧವಿತ್ತು. "ಒಡಹುಟ್ಟಿದ ತಮ್ಮನೇ ಬರ್ದಿದಾನಲ್ಲಮ್ಮ, ಕಣ್ಣಾರೆ ಕಂಡೆ ಅಂತ" ಎಂದು ನರ್ಸಮ್ಮ ಪೇಪರಿನ ತುಂಡನ್ನೇ ತೋರಿಸಿದರಂತೆ. ಅಕ್ಕತಮ್ಮ ಸೇರಿ ಹೂಡಿದ ಆಟ ಇದು ಎಂದು ಎಲ್ಲರಿಗೂ ಅನಿಸಿತು. ತಮ್ಮ ಕತ್ತರಿ ಬರೀ ನಾಲ್ಕು ಪದ ತೆಗೆಯಿತು, ನಾನು ಅದಕ್ಕೆ ಮೊಹರು ಒತ್ತಿದೆ. ಕಾಣದ್ದನ್ನು ಕಂಡೆನೆಂದು ಬರೆದವನು ನಾನು. ಸುಳ್ಳು ಹೇಳಿದವನು ನಾನು, ಸುಳ್ಳಿ ಎನಿಸಿಕೊಂಡವಳು ಅವಳು. ತಪ್ಪೊಪ್ಪಿಗೆ ಹಾಕಿ ಎಂದು ನಮ್ಮ ಸಂಪಾದಕರ ಮುಂದೆ ಕೂತರೆ, ವಿಮರ್ಶೆಯೆಂದರೆ ಅಭಿಪ್ರಾಯ, ಅಭಿಪ್ರಾಯಕ್ಕೆ ತಿದ್ದುಪಡಿ ಎಲ್ಲಿಯದು, ಬೇಕಿದ್ದರೆ ಓದುಗರ ಪತ್ರದ ಅಂಕಣಕ್ಕೆ ಬರಿ ಎಂದರು. ಅದಕ್ಕೇ ಈ ಪತ್ರ ಬಹಿರಂಗವಾಗಿ ಬರುತ್ತಿದೆ.

ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆಗಳು ಬಹಳ ಸಣ್ಣವು. ಮುಂದಿನ ಶನಿವಾರ ಅದೇ ಹೊತ್ತಿಗೆ ಭಾವನವರನ್ನು ಅದೇ ಮೋಡದಿಂದ ಕೆಳಗಿಳಿಸಿ, ಬಣ್ಣ ತುಂಬಿ, ಪಿಟೀಲಿನವರನ್ನೇ ಕರೆಸಿ ಸ್ವಲ್ಪ ಗೆಲುವಾದ ರಾಗ ನುಡಿಸಿ ನಮಗೆ ಒಪ್ಪಿಸುವುದು. ಇವರು ಸತ್ತಿದ್ದು ನಮ್ಮ ಕಚೇರಿಯ ಕೆಲಸದ ವೇಳೆಯಲ್ಲಿ ಎಂದು ಲೆಟರ್‌ಹೆಡ್ಡಿನಲ್ಲಿ ಬರೆದು ಡಿಪೋ ಕಾವಲುಗಾರನಿಗೆ ಕಳಿಸುವುದು. ನಡುವಿನ ನಾಲ್ಕು ಪದಗಳು ತಮ್ಮ ಕಸದ ಬುಟ್ಟಿಯಲ್ಲಿ ಇನ್ನೂ ಇದ್ದರೆ ಅವನ್ನು ಲಕೋಟೆಯಲ್ಲಿಟ್ಟು ಅಕ್ಕನ ವಿಳಾಸಕ್ಕೆ ರವಾನಿಸುವುದು. ಕಡೆಯದಾಗಿ, ತಮ್ಮ ಕತ್ತರಿಯನ್ನು ಅರ್ಧ ದಿನದ ಮಟ್ಟಿಗೆ ನನಗೆ ಎರವಲು ಕೊಡುವುದು. ಮನೆಮನೆಗೆ ಹೋಗಿ ಆ ಶನಿವಾರದ ಪೇಪರಿನಿಂದ ನನ್ನ ಒಂದು ಸಾಲನ್ನು ಕತ್ತರಿಸಿ ತರಬೇಕಾಗಿದೆ.

ಇವುಗಳಲ್ಲಿ ಯಾವುದೂ ಆಗದೆಂದು ಬಲ್ಲೆ. ಆದರೆ ನನ್ನ ಕೈಯಲ್ಲಿ ಆಗುವುದು ಒಂದಿದೆ, ಅದನ್ನು ತಮ್ಮ ಸಮಕ್ಷಮದಲ್ಲೇ ಮಾಡುತ್ತೇನೆ. ನಮ್ಮ ಬೀದಿಯ ಮಹನೀಯರೇ, ನರ್ಸಮ್ಮನವರೇ: ನನ್ನ ಅಕ್ಕ ಅಳಲಿಲ್ಲ, ಸುಳ್ಳಾಡಲಿಲ್ಲ, ಏನು ಬರೆಯುತ್ತೇನೆಂದು ಅವಳಿಗೆ ಗೊತ್ತೂ ಇರಲಿಲ್ಲ. ನಾನು ನೋಡದೆ ಬರೆದೆ. ಅವಳ ಅಂಗಡಿ ಮುಚ್ಚಿಸಿದವನು ನಾನು. ನನಗೆ ನಾಚಿಕೆಯಾಗಿದೆ.

ತಮ್ಮ ಕತ್ತರಿಯ ದಯೆಯಿಂದ ಇನ್ನೂ ಉಸಿರಾಡುತ್ತಿರುವವರ ಪರವಾಗಿ,
ತಮ್ಮ ವಿಶ್ವಾಸಿ,
ವಾರಾಂತ್ಯದ ಪುಟದ ಟೀವಿ ವಿಮರ್ಶಕ

ಮರೆತ ಮಾತು: ಈ ಪತ್ರದ ಕರಡನ್ನು ಭಾವನವರ ಕೈಯಲ್ಲಿ ಅಕ್ಕನಿಗೆ ಕಳಿಸಿದ್ದೆ. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ಅಂಚಿಗೆ ಬರೆದು ವಾಪಸು ಕಳಿಸಿದ್ದಾಳೆ: "ಟೀವಿಯೋರ್ನ ಬೈದಿದ್ದು ಉದ್ದ ಆಯ್ತು. ನಿಂದು ಗಿಡ್ಡ ಆಯ್ತು. ಬಿಚ್ಚಿ ಹೊಲಿ." ಒಂಬತ್ತು ದಿನದಲ್ಲಿ ಅವಳು ನನಗೆ ಆಡಿದ ಮೊದಲ ಮಾತು ಇದು. ಬಿಚ್ಚಿ ಹೊಲಿದ ಪ್ರತಿಯೇ ತಮ್ಮ ಕೈಯಲ್ಲಿರುವುದು. ಹಾಗಾಗಿ ಅಭ್ಯಾಸಬಲದಿಂದ ಇದನ್ನೂ ಕತ್ತರಿಸಬೇಕೆಂದು ತಮ್ಮ ಕೈ ತುರಿಸಿದರೆ, ತಮ್ಮ ಭಾಗವನ್ನೆಲ್ಲ ಧಾರಾಳವಾಗಿ ಕತ್ತರಿಸಿಕೊಳ್ಳಿ, ನನ್ನದನ್ನು ಮುಟ್ಟಬೇಡಿ. ಅಕ್ಕ ಓದುವುದು ಅಷ್ಟನ್ನೇ.