ಅಡುಗೆಮನೆಯಲ್ಲಿ ಸೋಲುತ್ತಿದ್ದ ವಕೀಲ

ಬಳ್ಳಾರಿಯಲ್ಲಿ ನನ್ನ ಸೋದರಮಾವನಷ್ಟು ಕೇಸು ಸೋತ ವಕೀಲ ಇನ್ನೊಬ್ಬನಿರಲಿಲ್ಲ. ಗಾಬರಿಯಾಗಬೇಡಿ, ಅದರಲ್ಲಿ ಮುಕ್ಕಾಲು ಪಾಲು ಅವನು ಸೋತದ್ದು ಸ್ವಂತ ಅಡುಗೆಮನೆಯಲ್ಲಿ, ಕಟ್ಟಿಕೊಂಡ ಹೆಂಡತಿಯ ಮುಂದೆ!

ಸ್ವಾತಂತ್ರ್ಯ ಬಂದ ಹೊಸತು. ನಾವಿನ್ನೂ ಮದ್ರಾಸಿನ ಕೈಕೆಳಗೇ ಇದ್ದೆವು. ಕೋಟೆ ಗುಡ್ಡದ ಕೆಳಗಿದ್ದ ಮಾವನ ಮನೆಯ ಬಾಗಿಲಿಗೆ ‘ಬಡವರ ವಕೀಲರ ಸಂಘ’ ಎಂಬ ಹಲಗೆ ತೂಗುತ್ತಿತ್ತು. ಪೊಲೀಸರು ಹಿಡಿದು ತಂದ, ವಕೀಲರನ್ನು ಇಡಲು ಗತಿಯಿಲ್ಲದ ಜನರ ಪರವಾಗಿ ಪುಕ್ಕಟೆ ವಾದಿಸುವ ಸಂಘ ಅದು. ಮಾವ ಅಧ್ಯಕ್ಷ, ಅವನ ಕೆಳಗೆ ಇಬ್ಬರು ವಕೀಲರು. ಒಬ್ಬರು ವಯಸ್ಸಾದ ಸಾಹೇಬರು, ಇನ್ನೊಬ್ಬ ಆಗತಾನೆ ಲಾ ಮುಗಿಸಿ ಬಂದ ತರುಣ. ಇನ್ನು ನಾನು? ಮುನಿಸಿಪಲ್ ಶಾಲೆಯ ಮೇಷ್ಟ್ರು. ಮಾವನ ಮನೆಯಲ್ಲೇ ಊಟ, ವಾಸ. ಉಂಡ ಋಣಕ್ಕೆ ಸಂಘದಲ್ಲಿ ನನಗೂ ಒಂದು ಕೆಲಸವಿತ್ತು. ಸರ್ಕಾರಿ ವಕೀಲನಾಗುವುದು!

ಅಧ್ಯಕ್ಷರ ಕಾನೂನು ಹಾಗಿತ್ತು. ಯಾವ ಕೇಸೇ ಆಗಲಿ, ನಿಜವಾದ ಕೋರ್ಟಿಗೆ ಹೋಗುವ ಮುಂಚೆ ನಮ್ಮ ಅಡುಗೆಮನೆಯಲ್ಲಿ ನಡೆಯಬೇಕು. ಮೊದಲು ಆರೋಪಿಗೆ ಹೊಟ್ಟೆ ತುಂಬ ಊಟ. ಆಮೇಲೆ ನಾನು ಅವನನ್ನು ಗದರಿಸಬೇಕು, ಮಾವ ಇಲ್ಲವೇ ಅವನ ವಕೀಲರು ಬಿಡಿಸಬೇಕು. ಮ್ಯಾಜಿಸ್ಟ್ರೇಟ್ ಯಾರು? ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ನಮ್ಮ ಅತ್ತೆ.

ಅತ್ತೆ ಕುರುಗೋಡಿನ ದೊಡ್ಡ ಮನೆಯಲ್ಲಿ ಬೆಳೆದವಳು. ಆಳುಕಾಳುಗಳನ್ನು ನೋಡಿದ ಗತ್ತು, ಹೆಚ್ಚು ಮಾತಿಲ್ಲ. ಆಕೆಯ ಮುಂದೆ ನಿಂತ ಯಾವ ಕಳ್ಳನೂ ಬಿಡುಗಡೆಯಾದ ದಾಖಲೆ ಇರಲಿಲ್ಲ. ಒಮ್ಮೆ ಕುರುಗೋಡಿನವನೇ ಒಬ್ಬ ಕಂಬಳಿ ಕದ್ದ ಆರೋಪದ ಮೇಲೆ ಬಂದ. ‘ಕಂಬಳಿ ನಂದರೀ’ ಎಂದು ಅವನು ಎದೆ ಮುಟ್ಟಿಕೊಂಡು ಹೇಳಿದ. ಮಾವ ಅರ್ಧ ಗಂಟೆ ವಾದಿಸಿ ನನ್ನ ಬಾಯಿ ಮುಚ್ಚಿಸಿದ. ಅತ್ತೆ ಕತ್ತೆತ್ತದೆ ಕೇಳಿದಳು:

“ನಿನ್ ಕಂಬಳಿ ಅಂತೀದಿ. ಅದರಾಗ ತೂತು ಎಲ್ಲೈತಿ?”

ಅವನು ಮಾವನ ಮುಖ ನೋಡಿದ. ಮಾವ ನನ್ನ ಮುಖ ನೋಡಿದ.

“ಚಳಿಗಾಲ ಪೂರ್ತಿ ಹೊತಗೊಂಡು ಮಲಗಿದವಗ ತನ್ನ ಕಂಬಳಿ ತೂತು ಗೊತ್ತಿರಂಗಿಲ್ಲೇನು? ಆರು ತಿಂಗಳು,” ಎಂದು ಅತ್ತೆ ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಅವನು ಅಲ್ಲೇ ತಪ್ಪೊಪ್ಪಿಕೊಂಡ. ಮಾವ ಮರುದಿನ ಕೋರ್ಟಿನಲ್ಲಿ ವಾದದ ಬದಲು ದಯೆ ಬೇಡಿ, ಅವನಿಗೆ ಹದಿನೈದೇ ದಿನ ಆಗುವಂತೆ ನೋಡಿಕೊಂಡ.

ತರುಣ ವಕೀಲನ ಪಾಡು ಇನ್ನೂ ಚೆಂದ. ಪುಸ್ತಕದಲ್ಲಿದ್ದುದನ್ನೆಲ್ಲ ಒಪ್ಪಿಸಿ, ಬೆವರು ಒರೆಸಿಕೊಂಡು ಅವನು ತೀರ್ಪಿಗೆ ಕಾದ. ಅತ್ತೆ ಆರೋಪಿಯನ್ನು ಬಿಟ್ಟು ಅವನ ಕಡೆ ತಿರುಗಿದಳು.

“ಆ ಪಾಪದವನ ಹೆಸರು ಒಂದ್ಸಲನೂ ಹೇಳ್ಲಿಲ್ಲಲ್ಲೋ ತಮ್ಮಾ. ಒಂದು ತಿಂಗಳು, ನಿನಗ.”

ಸಾಹೇಬರು ನಗುತ್ತ ಮಾವನಿಗೆ ಹೇಳುತ್ತಿದ್ದರು, “ಅಧ್ಯಕ್ಷರ, ಹೊರಗಿನ ಕೋರ್ಟಿನಾಗ ಸೋತ್ರ ಮದ್ರಾಸಿಗೆ ಅಪೀಲು ಹೋಗಬಹುದು. ಇಲ್ಲಿ ಸೋತ್ರ ಎಲ್ಲಿಗೆ ಹೋಗಾಣರಿ?”

“ಎಲ್ಲಿಗೂ ಇಲ್ಲ,” ಎನ್ನುತ್ತಿದ್ದ ಮಾವ ಹೆಮ್ಮೆಯಿಂದ. ಹೆಂಡತಿಯ ಕೈಯಲ್ಲಿ ಸೋಲುವುದಕ್ಕೆ ಇಷ್ಟು ಹೆಮ್ಮೆಪಡುವ ಗಂಡಸನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಹೀಗಿರುವಾಗ ಸಿರುಗುಪ್ಪದ ಕಡೆಯ ದೇಶನೂರಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಕಂಕುಳಲ್ಲಿ ಎದೆಹಾಲು ಕುಡಿಯುವ ಕೂಸು. ಗದ್ದೆಯಲ್ಲಿ ಭತ್ತ ಕದ್ದಳೆಂದು ಹೊಲದ ಧಣಿ ಅವಳನ್ನು ತೆನೆ ತುಂಬಿದ ಚೀಲದ ಸಮೇತ ಹಿಡಿಸಿದ್ದ. ಮಾವ ಜಾಮೀನು ಕೊಡಿಸಿ ಕರೆತಂದಿದ್ದ.

ಕೊಯ್ಲು ಮುಗಿದ ಗದ್ದೆಯಲ್ಲಿ ಉದುರಿಬಿದ್ದ ತೆನೆ ಬಡವರಿಗೆ ಸೇರಿದ್ದು. ಅದನ್ನು ಆಯುವುದಕ್ಕೆ ಹಕ್ಕಲ ಆಯುವುದು ಎನ್ನುತ್ತಾರೆ. ಆದರೆ ಧಣಿಯ ಕೊನೆಯ ಸಿವುಡು, ಅಂದರೆ ಕೊಯ್ದು ಕಟ್ಟಿದ ಭತ್ತದ ಕಟ್ಟು, ಬಂಡಿ ಏರುವ ತನಕ ಯಾರೂ ಗದ್ದೆಗೆ ಇಳಿಯುವಂತಿಲ್ಲ. ಬಂಡಿ ಹೋದ ಮೇಲೆ ಇಳಿದೆ ಎಂದು ಅವಳು, ಬಂಡಿ ಬರುವ ಮೊದಲೇ ಸಿವುಡಿಗೆ ಕೈ ಹಾಕಿದಳು ಎಂದು ಧಣಿಯ ಆಳು. ಅವಳ ಪರ ಸಾಕ್ಷಿ ಹೇಳುವವರು ಊರಲ್ಲಿ ಒಬ್ಬರೂ ಇಲ್ಲ. ಸೋತರೆ ಮೂರು ತಿಂಗಳು ಜೈಲು. ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಆಮೇಲೆ ಕಳ್ಳಿ ಎನಿಸಿಕೊಂಡವಳನ್ನು ಯಾವ ಗದ್ದೆಯ ಬದುವಿನ ಮೇಲೂ ನಿಲ್ಲಗೊಡುವುದಿಲ್ಲ.

ಅಡುಗೆಮನೆಯಲ್ಲಿ ನಾನು ಎಂದಿನಂತೆ ಗದರಿಸಿದೆ. ಮಾವ ಎಂದಿನಂತೆ ವಾದಿಸಿದ. ಅತ್ತೆ ಮಾತ್ರ ಆ ಕೂಸನ್ನೇ ನೋಡುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ಸೀದುಹೋಯಿತು. ಆಮೇಲೆ ಮೆಲ್ಲಗೆ ಕೇಳಿದಳು:

“ಆಕಿ ಚೀಲ ಎಲ್ಲೈತಿ?”

“ಸಿರುಗುಪ್ಪದ ಠಾಣೇದಾಗ ಐತಿ,” ಎಂದ ಮಾವ.

“ಯಾರರ ಸುರುವಿ ನೋಡೀರೇನು?”

ಯಾರೂ ನೋಡಿರಲಿಲ್ಲ. ಮೂವರು ವಕೀಲರು ಪ್ರತಿಯೊಂದು ಕಾಗದವನ್ನೂ ಎರಡೆರಡು ಸಲ ಓದಿದ್ದರು. ಆ ಚೀಲದ ಬಾಯಿ ಬಿಚ್ಚಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ!

“ನಾನೂ ಬರ್ತೀನಿ ಸಿರುಗುಪ್ಪಾಕ,” ಎಂದು ಅತ್ತೆ ಕೂಸನ್ನು ತೊಡೆಗೆ ಎಳೆದುಕೊಂಡಳು. ಅವತ್ತು ತೀರ್ಪು ಬರಲಿಲ್ಲ.

ಸಿರುಗುಪ್ಪದ ಮ್ಯಾಜಿಸ್ಟ್ರೇಟರು ದಕ್ಷಿಣದ ಯಾವುದೋ ಪಟ್ಟಣದವರು. ಭತ್ತವನ್ನು ಅನ್ನವಾದ ಮೇಲಷ್ಟೇ ಕಂಡಿದ್ದರೆಂದು ಕಾಣುತ್ತದೆ. ಚೀಲವನ್ನು ಅವರ ಮುಂದೆಯೇ ಸುರುವಬೇಕೆಂದು ಮಾವ ಬೇಡಿಕೊಂಡ. ಸುರುವಿದರು. ಮೇಜಿನ ಮೇಲೆಲ್ಲ ದೂಳು, ಮ್ಯಾಜಿಸ್ಟ್ರೇಟರಿಗೆ ಒಂದೇ ಸಮನೆ ಸೀನು. ಅಷ್ಟರಲ್ಲಿ ಮಾವ ಸಾಕ್ಷಿಗೆ ಕರೆದ. ಯಾರನ್ನು? ತನ್ನ ಹೆಂಡತಿಯನ್ನೇ! ಅತ್ತೆ ಸೆರಗು ಸೊಂಟಕ್ಕೆ ಸಿಗಿಸಿ, ಮೊದಲು ಜವಾನನಿಗೆ ಒಂದು ಮೊರ ತರಲು ಹೇಳಿದಳು. ಅವನು ಮ್ಯಾಜಿಸ್ಟ್ರೇಟರ ಅಪ್ಪಣೆಗೂ ಕಾಯದೆ ಓಡಿದ.

“ನೋಡ್ರಿ ಸಾಹೇಬ್ರ,” ಎಂದು ಅತ್ತೆ ತೆನೆಗಳನ್ನು ಮೊರದಲ್ಲಿ ಹರವಿದಳು. “ಸಿವುಡಿನಿಂದ ಕದ್ದಿದ್ರ ಹುಲ್ಲು ಉದ್ದ ಇರ್ತಿತ್ತು, ಬುಡ ಕುಡುಗೋಲಿನಿಂದ ನುಣ್ಣಗ ಕೊಯ್ದಂಗ ಇರ್ತಿತ್ತು. ಇವು ಕುತ್ತಿಗಿಗೇ ಮುರದಾವು. ಇದಕ್ಕ ಕೆಸರು ಹತ್ತೇತಿ, ಇದನ್ನ ಎತ್ತು ತುಳದೈತಿ, ಇದು ಗುಬ್ಬಿ ತಿಂದು ಬಿಟ್ಟಿದ್ದು. ಒಂದೊಂದs ನೆಲದಿಂದ ಆಯ್ದಾಳ. ಇಷ್ಟು ತುಂಬಸಾಕ ಹೊತ್ತು ಮುಣಗೂತನ ಸೊಂಟ ಬಗ್ಗಿಸಿರಬೇಕು.”

ಪೊಲೀಸರ ಕಡೆಯ ವಕೀಲರು ನಗುತ್ತ ಎದ್ದರು. “ನೀವು ದೊಡ್ಡ ಮನಿಯವರು, ವಕೀಲರ ಹೆಂಡ್ತಿ. ಹಕ್ಕಲದ ಸುದ್ದಿ ನಿಮಗೇನು ಗೊತ್ತವ್ವ?”

ನನಗೂ ಅದೇ ಪ್ರಶ್ನೆ ಇತ್ತು. ಅತ್ತೆ ಮೊರವನ್ನು ಮೇಜಿನ ಮೇಲಿಟ್ಟಳು.

“ದೊಡ್ಡ ಮನ್ಯಾಗ ಬೆಳದೀನಿರಿ, ಹುಟ್ಟಿಲ್ಲ. ನಮ್ಮವ್ವ ಹಕ್ಕಲ ಆಯ್ದು ನನ್ನ ಸಾಕಿದ್ಳು. ನಾನೂ ಹಿಂದಿಂದ ಆಯ್ಕೋಂತ ಹೋಗ್ತಿದ್ನಿ. ಒಂದಿನ ಆಕಿನ್ನ ಹಿಂಗs ಹಿಡಕೊಂಡು ಹೋದ್ರು. ಇಂಥ ಕೋಣ್ಯಾಗs ನಿಂದ್ರಿಸಿದ್ರು. ನಮ್ಮವ್ವನ ಚೀಲ ಯಾರೂ ಬಿಚ್ಚಲಿಲ್ಲರಿ. ಮೂರು ತಿಂಗಳು ಜೈಲಾತು. ಜೈಲಿನಾಗ ಜ್ವರ ಬಂತು. ಹೊರಗ ಬರ್ಲಿಲ್ಲ. ಆಮ್ಯಾಲ ದೊಡ್ಡ ಮನಿಯವರು ನನ್ನ ತಮ್ಮ ಮನ್ಯಾಗ ಇಟಗೊಂಡು ಸಾಕಿದ್ರು.”

ಪೊಲೀಸರ ವಕೀಲರು ಕೂತುಬಿಟ್ಟರು. ಮಾವ ಏಳಬೇಕಾದ ಹೊತ್ತು ಅದು. ಅವನ ಮಾತಿನ ಹೊಳೆಗೆ ಬಳ್ಳಾರಿಯಲ್ಲಿ ಎಣೆಯಿರಲಿಲ್ಲ. ಎದ್ದು ನಿಂತ, ಕೈ ಮುಗಿದು ಕೂತ. ಮ್ಯಾಜಿಸ್ಟ್ರೇಟರು ಒಂದು ತೆನೆ ಎತ್ತಿಕೊಂಡು ಅದರ ಮುರಿದ ಕುತ್ತಿಗೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ದೇಶನೂರಿನವಳನ್ನು ಬಿಡುಗಡೆ ಮಾಡಿ, ಚೀಲವನ್ನೂ ಹಿಂದಕ್ಕೆ ಕೊಡಿಸಿದರು.

ಬಸ್ಸಿಗೆ ಕಾಯುವಾಗ ಅತ್ತೆ ಆ ಹೆಣ್ಣುಮಗಳ ತಲೆಗೆ ಚೀಲ ಎತ್ತಿಕೊಡಲು ಹೋಗಿದ್ದಳು. ನಾನು ಮಾವನನ್ನು ಕೇಳಿದೆ, “ಮಾವಾ, ನಿನಗ ಇದು ಮೊದ್ಲs ಗೊತ್ತಿತ್ತೇನು?”

“ಲಗ್ನಾದ ಮರುದಿನ ಹೇಳಿದ್ಳು,” ಎಂದ ಮಾವ. “ಅಷ್ಟೊತ್ತಿಗೆ ಅವರವ್ವ ಹೋಗಿ ಎಷ್ಟೋ ವರ್ಷ ಆಗಿತ್ತು, ಆಕಿ ಕೇಸಿಗೆ ನಾನು ತಡ ಆಗಿ ಬಂದಿದ್ನೆಪ್ಪ. ಮುಂದಿನವರಿಗೆ ತಡ ಆಗಬಾರದು ಅಂತ ಮರುವಾರನs ಬಾಗಲಿಗೆ ಸಂಘದ ಹಲಗಿ ಹಾಕಿದ್ನಿ.”