ಎರಡು ಸಾವಿರ ಕಡತಗಳಿಗೆ ಮನೆತನ ಹುಡುಕಿದ್ದು

ದಾಖಲೆ ನಿರ್ವಹಣೆಯ ಮೂಲತತ್ತ್ವಗಳನ್ನು ನಾನು ಎರಡೇ ದಿನದಲ್ಲಿ, ಮಧ್ಯಾಹ್ನದ ಊಟವೂ ಸೇರಿದಂತೆ, ಸಂಪೂರ್ಣವಾಗಿ ಕಲಿತೆ. ಪ್ರಮಾಣಪತ್ರವಿದೆ. ಲ್ಯಾಮಿನೇಷನ್ ಕೂಡ ಮಾಡಿಸಿದ್ದೇನೆ.

ತರಬೇತಿ ನಡೆದದ್ದು ರಾಜಾಜಿನಗರದ ಒಂದು ಹೋಟೆಲಿನ ಮೊದಲ ಮಹಡಿಯಲ್ಲಿ. ವಿಜಯನಗರದ ನಮ್ಮ ಪ್ರೌಢಶಾಲೆಯಿಂದ ಗುಮಾಸ್ತೆಯಾದ ನನ್ನನ್ನು ಕಳಿಸಿದ್ದರು, ಏಕೆಂದರೆ ಬೇರೆ ಗುಮಾಸ್ತರೇ ಇರಲಿಲ್ಲ. ಏಪ್ರಿಲ್ ಬಿಸಿಲಿನಲ್ಲೂ ಕೋಟು ಬಿಚ್ಚದ ತರಬೇತುದಾರರೊಬ್ಬರು, ದಾಖಲೆಗೂ ಮನುಷ್ಯನಂತೆ ಹುಟ್ಟು, ಬಾಳು, ಸಾವು ಇದೆ ಎಂದು ಪರದೆಯ ಮೇಲೆ ತೋರಿಸಿದರು. ಇಷ್ಟು ಹೇಳಲು ಅವರಿಗೆ ಮೂರು ಗಂಟೆ ಬೇಕಾಯಿತು. ದಾಖಲೆ ಸಾಯುವಷ್ಟರಲ್ಲಿ ಹಿಂದಿನ ಸಾಲು ನಿದ್ದೆ ಹೋಗಿತ್ತು. ನಾನು ಮಾತ್ರ ಹದಿನೇಳು ಪುಟ ಬರೆದುಕೊಂಡೆ. ಎರಡು ಸೂತ್ರಗಳಿಗೆ ಕೆಂಪು ಗೆರೆ ಎಳೆದೆ: ಯಾರ ನೆನಪನ್ನೂ ನಂಬಬೇಡಿ; ಕಡತಗಳನ್ನು ಮನೆತನದ ಹೆಸರಿನ ಪ್ರಕಾರ ಅಕಾರಾದಿಯಾಗಿ ಜೋಡಿಸಿ.

ಸೋಮವಾರ ಶಾಲೆಗೆ ಬಂದವಳೇ ಕಡತಗಳ ಕೋಣೆಯನ್ನು ತಾತ್ಸಾರದಿಂದ ನೋಡಿದೆ. ಅಟೆಂಡರ್ ನಂಜುಂಡಪ್ಪನವರು ಹತ್ತನೇ ತರಗತಿ ಮುಗಿಸಿದವರ ಕಡತಗಳನ್ನು ವರ್ಷಕ್ಕೊಂದು ಗಂಟಿನಂತೆ ಹಳೇ ಪಂಚೆಗಳಲ್ಲಿ ಕಟ್ಟಿಟ್ಟಿದ್ದರು. ಅದೂ ಪರೀಕ್ಷೆಯ ಅರ್ಜಿ ತುಂಬಿಸುವ ದಿನ ಬೆಂಚಿನಿಂದ ಬೆಂಚಿಗೆ ನಡೆದು ಅರ್ಜಿಗಳನ್ನು ಇಸಿದುಕೊಂಡ ಕ್ರಮದಲ್ಲೇ! ಹಳೆಯ ವಿದ್ಯಾರ್ಥಿ ಯಾರೇ ಬರಲಿ, ನಂಜುಂಡಪ್ಪನವರ ಪ್ರಶ್ನೆ ಎರಡೇ: “ಯಾವ ವರ್ಷ ಕಂದಾ? ಯಾರ ಪಕ್ಕ ಕೂತ್ಕೋತಿದ್ದೆ?” ಐದು ನಿಮಿಷಕ್ಕೆ ಕಡತ ಮೇಜಿನ ಮೇಲಿರುತ್ತಿತ್ತು.

“ಇದು ಅವೈಜ್ಞಾನಿಕ ನಂಜುಂಡಪ್ಪನವ್ರೇ,” ಎಂದೆ.

“ಸಿಗ್ತದಲ್ಲಮ್ಮಾ.”

“ಸಿಗೋದು ಮುಖ್ಯ ಅಲ್ಲ. ವ್ಯವಸ್ಥೆ ಮುಖ್ಯ!”

ಈ ವಾಕ್ಯವನ್ನು ಅಂದೇ ದಿನಚರಿಯಲ್ಲಿ ಹೆಮ್ಮೆಯಿಂದ ಬರೆದಿದ್ದೇನೆ. ಈಗ ಆ ಪುಟವನ್ನು ತೆರೆಯುವುದಿಲ್ಲ.

ಬೇಸಿಗೆ ರಜೆಯಲ್ಲಿ ಹತ್ತೊಂಬತ್ತು ದಿನ ದುಡಿದೆ. ಲೆಕ್ಕ ಹೀಗಿದೆ: ಬಿಚ್ಚಿದ ಗಂಟು 28, ಕಡತ 2,346, ಟೀ 61, ಸೀನು 214. ಪಂಚೆಗಳನ್ನು ನೆಲ ಒರೆಸಲು ಕೊಟ್ಟುಬಿಟ್ಟೆ.

ಮೊದಲ ದಿನವೇ ಒಂದು ಸಣ್ಣ ತೊಡಕು ಎದುರಾಯಿತು. ನಮ್ಮ ಮಕ್ಕಳಿಗೆ ಮನೆತನದ ಹೆಸರೇ ಇರಲಿಲ್ಲ! ತರಬೇತುದಾರರು ಹೇಳಿದಂತೆ ಬದುಕಿದ್ದವರು ಉತ್ತರ ಕರ್ನಾಟಕದಿಂದ ಬಂದ ಒಂಬತ್ತು ಮಕ್ಕಳು ಮಾತ್ರ. ಹಿರೇಮಠ, ಪಾಟೀಲ ಎಂದು ಅಚ್ಚುಕಟ್ಟಾಗಿ ತಮ್ಮ ತಮ್ಮ ಅಕ್ಷರದಲ್ಲಿ ಹೋಗಿ ಕುಳಿತರು. ಮಿಕ್ಕವರು ನನ್ನ ತಲೆ ತಿಂದರು. ರಮೇಶ್ ಕುಮಾರ್, ಅನಿಲ್ ಕುಮಾರ್, ಮಹೇಶ್ ಕುಮಾರ್ ಎಲ್ಲರನ್ನೂ ‘ಕುಮಾರ್’ ಮನೆತನಕ್ಕೆ ಸೇರಿಸಿದೆ. 311 ಜನ ಅಣ್ಣತಮ್ಮಂದಿರು! ಭಾಗ್ಯಲಕ್ಷ್ಮಿ, ವಿಜಯಲಕ್ಷ್ಮಿಯರಿಂದ ‘ಲಕ್ಷ್ಮಿ’ ವಂಶ ಸ್ಥಾಪನೆಯಾಯಿತು. ನಾಲ್ಕನೇ ದಿನ, ಬರೀ ಇನಿಷಿಯಲ್ ಇದ್ದವರಿಗೆ ಇನಿಷಿಯಲ್ಲೇ ಮನೆತನ ಎಂದು ನಿಯಮ ತಿದ್ದಿದೆ. ಆರನೇ ದಿನ ಶಶಿಕಲಾ, ಚಂದ್ರಕಲಾ ಮುಂತಾದವರಿಗಾಗಿ ‘ಕಲಾ’ ವಂಶ. ಹನ್ನೊಂದನೇ ದಿನ ‘ಎನ್’ ಕಪಾಟಿನ ಬಾಗಿಲು ಹಾಕಲಾಗದಷ್ಟು ತುಂಬಿತು. ಇನ್ನು ಮುಂದೆ ಪೋಷಕರೆಂದು ಯಾರ ಸಹಿಯಿದೆಯೋ ಅವರ ಹೆಸರೇ ಮನೆತನ ಎಂದು ಘೋಷಿಸಿದೆ. ಹಿಂದೆ ಜೋಡಿಸಿದ್ದನ್ನು ತಿದ್ದಲಿಲ್ಲ. ಒಟ್ಟು ತಿದ್ದುಪಡಿ ಏಳು. ಕಡತ ಎಲ್ಲಿದೆಯೆಂದು ತಿಳಿಯಲು, ಅದು ನನ್ನ ಕೈಗೆ ಯಾವ ದಿನ ಸಿಕ್ಕಿತೆಂದು ತಿಳಿದಿದ್ದರೆ ಸಾಕು. ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ದಿನಚರಿಯಲ್ಲಿ ಬರೆದಿದ್ದೆ. ಸೀನನ್ನೂ.

“ಬ್ಯಾಂಕ್ ಥರ ಕಾಣುತ್ತೆ ಕಣಮ್ಮಾ!” ಎಂದು ಎಚ್.ಎಂ. ಮೇಡಂ ಮೆಚ್ಚಿಕೊಂಡರು. ನಂಜುಂಡಪ್ಪನವರು ಖಾಲಿ ಟೀ ಲೋಟಗಳನ್ನು ಎತ್ತಿಕೊಂಡು ಹೊರಟರು. ಅದನ್ನು ಅವರ ಸೋಲೆಂದು ಗುರುತು ಹಾಕಿಕೊಂಡೆ.

ಜೂನ್ ತಿಂಗಳ ಒಂದು ಶನಿವಾರ ಹನ್ನೊಂದು ಗಂಟೆಗೆ ಎನ್. ಶಶಿಕಲಾ ಬಂದಳು. ನಮ್ಮ ಹಳೆಯ ವಿದ್ಯಾರ್ಥಿನಿ, ಈಗ ನಾಯಂಡಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕೆಲಸ. ರಜೆ ಹಾಕಿ ಬಂದಿದ್ದಳು.

“ಮೇಡಂ, ಬಸ್ ಕಂಡಕ್ಟರ್ ಕೆಲಸಕ್ಕೆ ಸೆಲೆಕ್ಷನ್ ಲಿಸ್ಟಲ್ಲಿ ಹೆಸರು ಬಂದಿದೆ. ಕನ್ನಡ ಮೀಡಿಯಂ ಸರ್ಟಿಫಿಕೇಟ್ ಸೋಮವಾರ ಬೆಳಿಗ್ಗೆ ಹತ್ತಕ್ಕೆ ತೋರಿಸ್ಬೇಕು. ಇಲ್ಲಾಂದ್ರೆ ನನ್ನ ಹಿಂದಿನ ನಂಬರಿನವಳಿಗೆ ಹೋಗುತ್ತೆ.”

“ಎರಡು ನಿಮಿಷ ಕೂತಿರಿ,” ಎಂದೆ. ನನ್ನ ವ್ಯವಸ್ಥೆಯ ಮೊಟ್ಟಮೊದಲ ಗಿರಾಕಿ!

‘ಎನ್’ ಕಪಾಟಿನಲ್ಲಿ 402 ಕಡತ. ಪಶ್ಚಿಮ ಬೆಂಗಳೂರಿನ ಅರ್ಧದಷ್ಟು ಅಪ್ಪಂದಿರು ನಂಜಪ್ಪ, ನಾಗರಾಜು, ನರಸಿಂಹಯ್ಯ ಎಂಬ ಕಟುಸತ್ಯ ಅಂದು ತಿಳಿಯಿತು. ಎರಡು ನಿಮಿಷ ಎರಡು ಗಂಟೆಯಾಯಿತು. ಶಶಿಕಲಾ ಇಲ್ಲ. ‘ಶ’ದಲ್ಲಿ ನೋಡಿದೆ. ಇಲ್ಲ. ‘ಕಲಾ’ ವಂಶವನ್ನು ಬುಡಮೇಲು ಮಾಡಿದೆ. ಹದಿನಾಲ್ಕು ಚಂದ್ರಕಲಾ ಸಿಕ್ಕರು.

“ಮೇಡಂ, ನಾನು ಈ ಸ್ಕೂಲಲ್ಲೇ ಓದಿದ್ದು ತಾನೇ? ನನಗೇ ಡೌಟು ಬರ್ತಾ ಇದೆ,” ಎಂದಳು ಶಶಿಕಲಾ.

ಎಚ್.ಎಂ. ಮೇಡಂ ಬಾಗಿಲಲ್ಲಿ ನಿಂತರು. “ನಮ್ಮಲ್ಲಿ ಇಂಗ್ಲಿಷ್ ಮೀಡಿಯಮ್ಮೂ ಇದೆ. ಫೈಲ್ ನೋಡದೆ ನಾನು ಸಹಿ ಹಾಕಲ್ಲ. ಐದು ಗಂಟೆಗೆ ಊರಿಗೆ ಹೊರಡ್ತೀನಿ, ಬರೋದು ಮಂಗಳವಾರ. ಏನಮ್ಮಾ, ನಿನ್ನ ಬ್ಯಾಂಕು ಬಾಗಿಲು ಮುಚ್ತಾ?”

ಶಶಿಕಲಾಳ ಮುಖ ನೋಡಲಾಗಲಿಲ್ಲ. ಅಷ್ಟು ಹೊತ್ತು ತಮಾಷೆ ಮಾಡುತ್ತಿದ್ದವಳು ಈಗ ಕೈಯಲ್ಲಿದ್ದ ಕರೆಪತ್ರವನ್ನು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು.

ಆಗ ನಂಜುಂಡಪ್ಪನವರು ಬಂದರು. “ಯಾರ ಪಕ್ಕ ಕೂತ್ಕೋತಿದ್ದೆ ಕಂದಾ?”

“ಮಂಜುಳಾ ಪಕ್ಕ ತಾತಾ! ಕಿಟಕಿ ಕಡೆ, ಎರಡನೇ ಬೆಂಚು.”

“ಗೊತ್ತಾಯ್ತು. ನಿಮ್ಮ ವರ್ಷದ್ದು ನೀಲಿ ಅಂಚಿನ ಪಂಚೆ.” ಸುತ್ತ ನೋಡಿದರು. “ಅಗೋ, ಬಕೆಟ್ಟಲ್ಲಿದೆ.”

ನೆಲ ಬಿರಿಯಲಿಲ್ಲ. ಬಿರಿದಿದ್ದರೆ ನಾನು ಇಳಿದುಹೋಗುತ್ತಿದ್ದೆ.

“ಆ ಮಂಜುಳಾಗೇ ಒಂದು ಫೋನ್ ಮಾಡವ್ವಾ, ಪಕ್ಕ ಕೂತವಳಿಗೆ ಎಲ್ಲಾ ಗೊತ್ತಿರ್ತದೆ,” ಎಂದರು ನಂಜುಂಡಪ್ಪನವರು. ಶಶಿಕಲಾ ಕಚೇರಿಯ ಫೋನಿನಿಂದ ನಂದಿನಿ ಲೇಔಟಿಗೆ ಮಾಡಿದಳು. ರಿಸೀವರ್ ನನ್ನ ಕೈಗೆ ಬಂತು. ಶಾಲೆಯ ಗೌರವ ಉಳಿಯುವಂತೆ ಗಂಭೀರವಾಗಿ ವಿಚಾರಿಸಿದೆ: ಸದರಿ ವಿದ್ಯಾರ್ಥಿನಿ ಬೇರೆ ಯಾವುದಾದರೂ ಹೆಸರಿನಲ್ಲಿ ದಾಖಲಾಗಿದ್ದರೇ?

ಆ ಕಡೆ ಮಂಜುಳಾ ಬಿದ್ದು ಬಿದ್ದು ನಕ್ಕಳು. “ಅವಳೇನು ಕಳ್ಳೀನಾ ಮೇಡಂ, ಎರಡೆರಡು ಹೆಸರು ಇಟ್ಕೊಳೋಕೆ! ಹೆಸರು ಅದೇ. ಆದ್ರೆ ಎಲ್ಲಾದಕ್ಕೂ ಸಹಿ ಹಾಕ್ತಿದ್ದಿದ್ದು ಅವಳ ಸೋದರಮಾವ. ದೊಡ್ಡಯ್ಯ ಅಂತ.”

ಹನ್ನೊಂದನೇ ದಿನ! ‘ದ’ ಕಪಾಟಿಗೆ ಓಡಿದೆ. ಕೆಳಗಿನ ಅರೆಯಲ್ಲಿ ದೊಡ್ಡಯ್ಯ ಮನೆತನದ ಏಕೈಕ ಕುಡಿಯಾಗಿ ಶಶಿಕಲಾ ಇದ್ದಳು.

“ಮಾವನ ಹೆಸರು ಮೊದಲೇ ಹೇಳಬಾರದಿತ್ತೇ?” ಎಂದು ರೇಗಿದೆ.

“ನೀವು ಮಾವನ್ನ ಕೇಳಲೇ ಇಲ್ವಲ್ಲ ಮೇಡಂ!”

ನಾಲ್ಕು ಐವತ್ತಕ್ಕೆ ಸಹಿ ಬಿತ್ತು. ಚಪ್ಪಲಿ ಮೆಟ್ಟಿಕೊಂಡೇ ಎಚ್.ಎಂ. ಮೇಡಂ ಮೊಹರು ಒತ್ತಿದರು.

ಸೋಮವಾರ ಮಧ್ಯಾಹ್ನ ಶಶಿಕಲಾಳ ಫೋನು ಬಂತು. “ಮೇಡಂ, ಆಯ್ತು! ಎಲ್ಲಾ ಪೇಪರ್ ಸರಿ ಇದೆ ಅಂದ್ರು. ಕೆಲಸ ಸಿಕ್ತು!” ನನ್ನ ಎದೆ ಹಗುರಾಯಿತು. ಅಷ್ಟಕ್ಕೇ ನಿಲ್ಲಿಸಬೇಕಿತ್ತು ಅವಳು. “ಅಲ್ಲಿ ಎಷ್ಟು ಸಾವಿರ ಅರ್ಜಿ ಇತ್ತು ಗೊತ್ತಾ? ನಂದು ಅರ್ಧ ನಿಮಿಷಕ್ಕೆ ತೆಗೆದ್ರು. ಸುಮ್ನೆ ನಂಬರ್ ಪ್ರಕಾರ ಇಟ್ಟಿದಾರೆ. ನಮ್ಮ ಸ್ಕೂಲ್ ಫೈಲಿಗೆಲ್ಲ ನಂಬರ್ ಇರಲ್ವಾ ಮೇಡಂ?”

“ಇರಲ್ಲಮ್ಮಾ,” ಎಂದು ಗಾಂಭೀರ್ಯದಿಂದ ಫೋನ್ ಇಟ್ಟೆ.

ಆಮೇಲೆ ಕೈಗೆ ಸಿಕ್ಕ ಒಂದು ಕಡತ ಎಳೆದೆ. ಬಲತುದಿಯಲ್ಲಿ ನಾನೇ ಅಂಟಿಸಿದ ಹಸಿರು ಚೀಟಿ, ಅದರ ಮೇಲೆ ಮನೆತನದ ಹೆಸರು. ಉಗುರಿನಿಂದ ಕೆರೆದೆ. ಅಡಿಯಲ್ಲಿ ಕೆಂಪು ಶಾಯಿಯಲ್ಲಿ, ದಪ್ಪಗೆ, ದಾಖಲಾತಿ ಸಂಖ್ಯೆ ಇತ್ತು. ಇನ್ನೊಂದನ್ನು ಕೆರೆದೆ. ಅದರಲ್ಲೂ ಇತ್ತು.

ಇನ್ನು ಕೆರೆಯಲು ಉಳಿದಿರುವುದು 2,344.